ಕಾಲಿಟ್ಟಲ್ಲಿ ಗೆರೆ

ಕಲ್ಲು ಸಿಕ್ಕರೆ ನಮ್ಮ ಮೇಡಂ ಮೊದಲು ನೆಕ್ಕುತ್ತಿದ್ದರು. ಒದ್ದೆಯಾದ ಕಲ್ಲಿನಲ್ಲಿ ಕಣಗಳು ಚೆನ್ನಾಗಿ ಕಾಣುತ್ತವೆ. ನೆಕ್ಕಿ, ತಾಳಿಸರದ ಜೊತೆಗೇ ಕಪ್ಪು ದಾರದಲ್ಲಿ ನೇತಾಡುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ನಾಲಿಗೆಯ ಮಣ್ಣನ್ನು ಪಕ್ಕಕ್ಕೆ ಉಗಿಯುವರು. ಯಲಿಯೂರಿನ ಒಕ್ಕಲು ಮನೆಯ ಮಗಳು, ಭೂವಿಜ್ಞಾನದ ಅಧಿಕಾರಿ. ವರದಿ ಇಂಗ್ಲಿಷಿನಲ್ಲಿ ಬರೆದರೂ ಬೈಯುವಾಗ ಮಂಡ್ಯವೇ ಬಾಯಿಗೆ ಬರುತ್ತಿತ್ತು.

ನಾನು ಅವರ ಕೈಕೆಳಗೆ ಸೇರಿದಾಗ ನಮಗಿದ್ದ ಕೆಲಸವೆಂದರೆ ಹಳೆಯ ಶಿಲಾನಕ್ಷೆ ಹಿಡಿದು ಮಳವಳ್ಳಿ, ಮದ್ದೂರು ಕಡೆ ನಡೆಯುವುದು. ಯಾವ ಕಲ್ಲು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ತಿದ್ದಿ, ಚಿನ್ನದಂಥ ಲೋಹ ಎಲ್ಲಿರಬಹುದೆಂದು ಅಂದಾಜು ಮಾಡಬೇಕು. ಸಾಧ್ಯತೆ ಹೆಚ್ಚಿದ್ದರೆ ನಕ್ಷೆಯಲ್ಲಿ ಕೆಂಪು. ಮೇಡಂದು ಒಂದೇ ಕಟ್ಟಳೆ: "ಕಾಲಿಟ್ಟು ನೋಡಿದ್ರೆ ಗೆರೆ ಎಳಿ. ಇಲ್ದಿದ್ರೆ ಚುಕ್ಕಿ ಇಡು." ಗಟ್ಟಿ ಗೆರೆಯೆಂದರೆ ಖಚಿತ, ಚುಕ್ಕಿಯೆಂದರೆ ಬರೀ ಅಂದಾಜು. ಕೊತ್ತತ್ತಿಯ ನಾಲೆ ಬಯಲನ್ನಂತೂ ಖಾಲಿಯೇ ಬಿಟ್ಟಿದ್ದರು. ಯಾಕೆ ಎಂದು ಕೇಳಿದರೆ, "ಗದ್ದೆ ಉಳೋನ್ಗೇ ಅಡೀಲಿ ಏನೈತೆ ಅಂತ ಗೊತ್ತಿಲ್ಲ, ನಂಗೆಂಗಮ್ಮ ಗೊತ್ತಾಯ್ತದೆ?"

ಬೆಳಕವಾಡಿಯ ಹತ್ತಿರ ನಾನು ಎಡವಿದೆ. ಹೊಲದ ಬದುವಿನುದ್ದಕ್ಕೂ ಪದರು ಪದರಾದ ಹಸಿರುಗಪ್ಪು ಕಲ್ಲು, ಚಿನ್ನಕ್ಕೆ ಜಾಗ ಕೊಡುವಂಥದ್ದು. ಖುಷಿಯಲ್ಲಿ ಗಟ್ಟಿ ಗೆರೆ ಎಳೆದುಬಿಟ್ಟೆ. ಅದನ್ನು ನಂಬಿ ಕಚೇರಿಯಲ್ಲಿ ಊರಿನ ಸುತ್ತ ಕೆಂಪು ಬಳಿದರು. ಮೇಲಿನ ಸಾಹೇಬರು ಬಹಳ ಮೆಚ್ಚಿದರು. ನಕ್ಷೆ ಅಚ್ಚಿಗೆ ಹೋಗುವ ಮುಂಚೆ ಮೇಡಂ ನನ್ನನ್ನು ಅಲ್ಲಿಗೇ ಎಳೆದುಕೊಂಡು ಹೋದರು. ಒಂದು ಕಲ್ಲು ನೆಕ್ಕಿದರು. ಸುತ್ತಿಗೆಯ ತುದಿಯಿಂದ ಬುಡ ಕೆದಕಿದರು. ಕಲ್ಲು ಉರುಳಿತು, ಕೆಳಗೆ ಬರೀ ಕೆಮ್ಮಣ್ಣು.

ಕಳೆ ಕೀಳುತ್ತಿದ್ದ ಹೊಲದ ಯಜಮಾನಿ ನಕ್ಕಳು. "ಅದು ನಮ್ಮ ಮಾವ ಗಾಡೀಲಿ ಏರ್ಕೊಂಡು ಬಂದು ಜೋಡ್ಸಿದ್ದು ಕಣಮ್ಮ. ಮಳೇಗೆ ಬದು ಕೊಚ್ಕೊಂಡು ಓಯ್ತಿತ್ತು ಅಂತ."

"ಕೇಳಿಸ್ಕೊಂಡ್ಯಾ?" ಎಂದರು ಮೇಡಂ. "ಎತ್ತು ಎಳ್ಕೊಂಡ್ ಬಂದ ಕಲ್ಲು ನಂಬ್ಕೊಂಡು ಚಿನ್ನದ ಸೀಮೆ ಬರ್ದಿದ್ದೀಯಲ್ಲ!" ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸಾಹೇಬರು ಮಾತ್ರ ಬಿಡಲೊಲ್ಲರು. "ಸಾಧ್ಯತೆ ತಾನೆ ಮೇಡಂ? ಹಾಗೇ ಇರಲಿ. ಕೊರೆದು ನೋಡಿದರೆ ಆಯಿತು. ಸಹಿ ಹಾಕಿ."

"ಮೆಚ್ಚುಗೆ ನಮ್ಗೆ, ಕೊರ್ಯೋದು ಅವ್ರ ಒಲಾನಾ? ಸಹಿ ಆಕಾಕಿಲ್ಲ."

"ವರ್ಗ ಮಾಡಿಸಬೇಕಾಗುತ್ತದೆ."

"ಮಾಡ್ಸಿ ಸಾರ್. ಅಲ್ಲೂ ಕಲ್ಲೇ ಅಲ್ವಾ ಇರೋದು?"

ಆಮೇಲೆ ಮೇಡಂ ರಬ್ಬರನ್ನು ನನ್ನ ಮುಂದೆ ತಳ್ಳಿದರು. "ಎಳ್ದೋಳು ನೀನು, ಅಳ್ಸೋಳೂ ನೀನೇ." ಎಲ್ಲರೆದುರು ತಪ್ಪು ನನ್ನದೆಂದು ಹೇಳಿ ಅಳಿಸಿದೆ. ಬೆಳಕವಾಡಿಯ ಕೆಂಪು ಹೋಯಿತು, ಮೇಡಂಗೂ ವರ್ಗವಾಯಿತು. ಸಹಿ ಹಾಕದೆ ಹೋದೆನಲ್ಲ ಎಂಬ ಬೇಸರ ಹೋಗುವ ದಿನವೂ ಅವರಿಗೆ ಒಂದಿಷ್ಟೂ ಇರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗಿಟ್ಟ ಹೊಲದಲ್ಲಿ ನಿಂತು ಅತ್ತೆ, ಅಳುತ್ತಲೇ ಒಂದು ಕಲ್ಲೆತ್ತಿ ನೆಕ್ಕಿದೆ. ನೋಡಿದವರು ನೋಡಿಕೊಳ್ಳಲಿ.

ಈಗ ಮದ್ದೂರಿನ ನಕ್ಷೆ ನನ್ನ ಮೇಜಿನ ಮೇಲಿದೆ. ಚುಕ್ಕಿಗಳನ್ನು ಗೆರೆ ಮಾಡಿಕೊಡಿ ಎಂದು ಮೇಲಿನವರು ಎರಡು ಸಲ ಹೇಳಿ ಕಳಿಸಿದ್ದಾರೆ. ಮೂರನೆಯ ಸಲ ಕಳಿಸಿದರೂ ಅವು ಚುಕ್ಕಿಗಳೇ. ಬೇಕಾದರೆ ವರ್ಗ ಮಾಡಿಸಲಿ. ಅಲ್ಲೂ ಕಲ್ಲೇ ಅಲ್ಲವೇ ಇರುವುದು?