ಪೊಲೀಸನೆದುರು ಹೊಗಳಿದ್ದು

ದೇವರ ದೀಪದ ಸಮೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಕಾಕು ಅಂಧೇರಿಯಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದಳು. ನನಗೆ ಮೊದಲು ನೆನಪಾದದ್ದು ಅವರ ಕೈ. ಅಗಲ ಅಂಗೈ, ಬುಡದವರೆಗೆ ಕತ್ತರಿಸಿದ ಉಗುರು, ಎಷ್ಟು ತೊಳೆದರೂ ಹೋಗದ ಫಿನೈಲಿನ ವಾಸನೆ.

ಚಿಕ್ಕಮ್ಮ ಎನ್ನುವಂತೆ ಎಲ್ಲರೂ ಕಾಕು ಎಂದೇ ಕರೆಯುತ್ತಿದ್ದ ಅವರು ಮುಂಬಯಿಯ ಭಾಂಡುಪಿನ ನಮ್ಮ ಚಾಳಿನಲ್ಲಿ ಎರಡು ಖೋಲಿ ಆಚೆ ಇದ್ದರು. ನಮ್ಮ ವಿಜಾಪುರದ ಕಡೆಯವರೇ. ಮುನ್ಸಿಪಾಲಿಟಿಯ ಹೆರಿಗೆ ಆಸ್ಪತ್ರೆಯಲ್ಲಿ ದಾಯಿ. ನನ್ನ ಮೊದಲೆರಡು ಮಕ್ಕಳನ್ನು ಎತ್ತಿಕೊಂಡದ್ದು ಆ ಕೈಯೇ. ಒಳಗೊಬ್ಬಳು ನೋವು ತಿನ್ನುತ್ತಿದ್ದರೆ ಅವರು ಚಹಾ ಮುಟ್ಟುತ್ತಿರಲಿಲ್ಲ. ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು.

ಒಮ್ಮೆ ನನ್ನ ಕೂಸಿನ ಕಾಲಿಗೆ ಎಣ್ಣೆ ನೀವುತ್ತ, "ಜೈಲಿನ್ಯಾಗ ನಾಕ ತಿಂಗಳ ಇದ್ದೆ. ಹೆರಿಗಿ ಮಾಡಸೂದು ಅಲ್ಲೇ ಒಬ್ಬ ಮುದುಕಿ ಕಲಿಸಿದ್ಲು" ಅಂದಿದ್ದರು. ನಾನು ಯಾಕೆಂದು ಕೇಳಲಿಲ್ಲ. ನಮ್ಮ ಸೋದರಮಾವ ಸ್ವರಾಜ್ಯಕ್ಕಾಗಿ ಜೈಲಿಗೆ ಹೋಗಿ ಬಂದಾಗ ಊರೇ ಆರತಿ ಎತ್ತಿತ್ತು. ಇವರೂ ಹಾಗೇ ಹೋಗಿದ್ದಾರೆ ಎಂದುಕೊಂಡು ಮನಸ್ಸಿನಲ್ಲೇ ಕೈ ಮುಗಿದೆ.

ಕೆಲಸಕ್ಕೆ ಸೇರಿ ಒಂಬತ್ತು ವರ್ಷದ ಮೇಲೆ ಅವರನ್ನು ಕಾಯಂ ಮಾಡುವ ಕಾಗದ ಹೊರಟಿತು. ಅದು ಸರಕಾರಿ ದುಡ್ಡಿನ ಆಸ್ಪತ್ರೆ. ಪೊಲೀಸರು ನಡತೆ ವಿಚಾರಿಸಿ ಬರೆದುಕೊಟ್ಟ ಮೇಲೆಯೇ ಕಾಯಂ. ಹವಾಲ್ದಾರ ನಮ್ಮ ಬಾಗಿಲಿಗೂ ಬಂದ. ಆ ಹೆಂಗಸು ಹೇಗೆ, ಜಗಳ ಕಳ್ಳತನ ಏನಾದರೂ ಇದೆಯೇ ಎಂದು ಕೇಳಿದ. ಒಳ್ಳೆಯವರು ಎಂದಷ್ಟೇ ಹೇಳಿದರೆ ಕಡಿಮೆಯಾದೀತೆಂದು ನನ್ನ ಹರಕು ಹಿಂದಿಯಲ್ಲಿ, ಅವರು ದೊಡ್ಡವರು, ಜೈಲಿಗೆ ಸಹ ಹೋಗಿ ಬಂದಿದ್ದಾರೆ ಎಂದುಬಿಟ್ಟೆ. ಹವಾಲ್ದಾರ ನನ್ನ ಮುಖ ನೋಡಿದ, ಬರೆದುಕೊಂಡ. ನಾನು ಅವನಿಗೆ ಬೆಲ್ಲ ನೀರು ಕೊಟ್ಟು ಕಳಿಸಿದೆ.

ತಿಂಗಳೊಳಗೆ ಕಾಕುವನ್ನು ಕೆಲಸದಿಂದ ಬಿಡಿಸಿದರು. ಅವರು ಬಂದು ನಮ್ಮ ಹೊಸ್ತಿಲ ಮೇಲೆ ಕೂತರು. ಸ್ವರಾಜ್ಯಕ್ಕಾಗಿ ಜೈಲಿಗೆ ಹೋದವರನ್ನು ಹೀಗೆ ಬಿಡಿಸುತ್ತಾರೆಯೇ ಎಂದೆ.

"ಸ್ವರಾಜ್ಯಕ್ಕಲ್ಲವ್ವಾ. ಗಂಡ ಕಳ್ಳಭಟ್ಟಿ ಇಟ್ಟಿದ್ದ, ಸೆರೆ ಕಾಸ್ತಿದ್ದ. ಪೊಲೀಸ್ರು ಬಂದಾಗ ಅಂವ ಓಡಿಹೋದ. ಮನ್ಯಾಗ ಸಿಕ್ಕಾಕಿ ನಾನು."

ಹವಾಲ್ದಾರನಿಗೆ ಹೇಳಿದ್ದು ನಾನೇ ಎಂದೆ. "ನೀ ಸುಳ್ಳೇನ ಹೇಳಿಲ್ಲ ಬಿಡು" ಎಂದು ಎದ್ದುಹೋದರು. ಸುಳ್ಳು ಹೇಳಿಲ್ಲ, ಖರೆ. ನಿಜ ಹೇಳಿದರೆ ಪುಣ್ಯವೆಂದು ದಿನಾ ದೇವರ ಮುಂದೆ ಓದುವವಳು ನಾನು. ಹಾಗಾದರೆ ಆ ಪುಣ್ಯ ಯಾರ ಲೆಕ್ಕಕ್ಕೆ ಬಂತು? ಜೈಲು ಕಲಿಸಿದ ವಿದ್ಯೆಯಿಂದ ನೂರಾರು ಕೂಸು ಬದುಕಿದವು, ಅದೇ ಜೈಲಿನ ಹೆಸರು ಹೇಳಿ ಅವರನ್ನು ಹೊರಗೆ ಹಾಕಿದರು. ಸರಕಾರದವರು ವಿಚಾರಿಸುವುದೂ ತಪ್ಪಲ್ಲ. ನಮ್ಮ ಕೂಸು ಯಾರ ಕೈಗೆ ಬೀಳುತ್ತದೆಂದು ಯಾರಾದರೂ ನೋಡಬೇಕಲ್ಲ. ನನಗೆ ಇಂದಿಗೂ ಬಗೆಹರಿದಿಲ್ಲ.

ನನ್ನ ಮೂರನೆಯ ಕೂಸು ದಿನ ತುಂಬುವ ಮೊದಲೇ, ಲೋಕಲ್ ರೈಲು, ರಸ್ತೆ ಎಲ್ಲ ಮಳೆಯ ನೀರಿನಲ್ಲಿ ನಿಂತ ಒಂದು ಮಧ್ಯಾಹ್ನ ಬಂತು. ಕರೆಯುವ ಮುಖ ನನಗಿರಲಿಲ್ಲ. ಕಿರುಚಿದ್ದು ಕೇಳಿ ಅವರೇ ಬಂದರು. ತಪ್ಪಾಯಿತು ಕಾಕು ಎಂದು ಶುರುಮಾಡಿದೆ.

"ಈಗರ ಬಾಯಿ ಮುಚ್ಚು. ತಿಣುಕು."

ಮಗಳು ಅತ್ತಳು. ಅವರು ನಕ್ಕರು. ಅಷ್ಟು ದಯೆ ಭಗವಂತ ನನಗೆ ಇಟ್ಟಿದ್ದ.

ತಿಕ್ಕುತ್ತಿದ್ದ ಸಮೆ ಬದಿಗಿಟ್ಟು ಎದ್ದೆ. ರಕ್ತಸಂಬಂಧವಿಲ್ಲದವರಿಗೆ ಸಾವಿನ ಸ್ನಾನ ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಬಚ್ಚಲ ಮೋರಿಯಲ್ಲಿ ಕೂತು ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದುಕೊಂಡೆ. ಯಾರು ಹೋದರು ಎಂದು ಯಜಮಾನರು ಕೇಳಿದರು. ನಮ್ಮವರು ಎಂದೆ. ಒದ್ದೆ ಕೂದಲು ಗಂಟು ಹಾಕಿ ಜೋಳದ ಹಿಟ್ಟು ನಾದಲು ಕೂತೆ.