ಆಂಟೆನಾ ಬುಡದ ಬೆರಳುಗಳು

ಹೊಳಲ್ಕೆರೆಯ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಟೀವಿ ಆಂಟೆನಾ ನಿಲ್ಲಿಸಿದ ದಿನ, ಕಂಬದ ಬುಡಕ್ಕೆಂದು ನಾನು ಸಿಮೆಂಟ್ ಕಲಸುತ್ತಿದ್ದೆ. ಅವ್ವ ತಡೆದಳು.

"ಮಣ್ಣಿಗೆ ಸಿಮೆಂಟ್ ಕಚ್ಚಲ್ಲ ಕಣಪ್ಪ, ಬಿರುಕು ಬಿಡ್ತೈತೆ. ಕರಲು ತಾ."

ಮಾಳಿಗೆ ಸೋರದಂತೆ ವರ್ಷವರ್ಷವೂ ಹರಡುವ ಆ ಬಿಳಿ ಮಣ್ಣನ್ನು ಕಲಸಿ, ಕಂಬದ ಸುತ್ತ ಅವಳೇ ಒತ್ತಿದಳು. ನಾನು ವೈರಿನ ಗಂಟಿಗೆ ಸೈಕಲ್ ಟ್ಯೂಬ್ ಸುತ್ತಿ ಕೆಳಗಿಳಿದೆ.

ಮಳೆಗಾಲಕ್ಕೆ ಮೊದಲೇ ಅವ್ವ ಹೋದಳು. ತಿಂಗಳ ಮೇಲೆ ಮಾಳಿಗೆಗೆಲ್ಲ ಕರಲು ಹರಡಲೆಂದು ಹತ್ತಿದಾಗ, ಕಂಬದ ಬುಡದಲ್ಲಿ ಅವಳ ಐದು ಬೆರಳೂ ಅಚ್ಚೊತ್ತಿ ಒಣಗಿದ್ದವು. ಅವಳ ಸಮಾಧಿಗೆ ಮಣ್ಣು ಹಾಕಿದ ನನ್ನ ಕೈ ಇಲ್ಲಿ ಏಳಲಿಲ್ಲ. ಅಷ್ಟು ಜಾಗ ಬಿಟ್ಟು ಸುತ್ತಲೂ ಹರಡಿ ಬಂದೆ.

ಮೊದಲ ಮಳೆಗೇ ಆ ತಗ್ಗಿನಲ್ಲಿ ನೀರು ನಿಂತು ಮನೆ ಸೋರಿತು.

"ಒಂದ್ ಬುಟ್ಟಿ ಮಣ್ಣು ಹಾಕಾಕೆ ನಿಮಗೇನ್ರಿ ಧಾಡಿ?" ಎಂದಳು ಹೆಂಡತಿ. ಕಾರಣ ಹೇಳಲಾರದೆ ಅವಳ ಮೇಲೆಯೇ ರೇಗಿದೆ.

ಮಳೆ ಹೊಳವಾದ ಮೇಲೆ ಹತ್ತಿ ನೋಡಿದೆ. ಬೆರಳುಗಳು ಇರಲಿಲ್ಲ. ಮುಚ್ಚಿದ್ದರೆ ಉಳಿಯುತ್ತಿದ್ದವು.

ಕೆಳಗೆ, ಟೀವಿ ಎದುರು ಅವ್ವ ಕೂರುತ್ತಿದ್ದ ಜಾಗದಲ್ಲಿ ಸೋರುವ ನೀರಿಗೆ ಇಟ್ಟಿದ್ದ ಪಾತ್ರೆಯ ತಳದಲ್ಲಿ, ಒಂದು ಹಿಡಿ ಬಿಳಿ ಮಣ್ಣು ಕೂತಿತ್ತು.