ಬದುಕಿದ್ದವನಿಗೆ ಹಿಡಿದ ಸೂತಕ

ನಮ್ಮಣ್ಣನನ್ನು ಕೊಂದವನು ಹೊರಗಿನವನಲ್ಲ, ಚಿಕ್ಕಪ್ಪನ ಮಗ. ಎರಡೂ ಮನೆಗೆ ಸೇರಿದ ಬೋರಿನ ಮೋಟಾರು ಆ ದಿನ ಯಾರ ಸರದಿ ಎಂದು ಶುರುವಾದ ಜಗಳ ಕುಡುಗೋಲಿನಲ್ಲಿ ಮುಗಿಯಿತು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ತ್ಯಾಮಗೊಂಡ್ಲಿನ ಪಕ್ಕದ ನಮ್ಮೂರಿನಲ್ಲಿ ಆಮೇಲೆ ಆ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ.

ಹದಿನಾಲ್ಕು ವರ್ಷ ಕಳೆದ ಮೇಲೆ ಪೊಲೀಸ್ ಪೇದೆಯೊಬ್ಬರು ಬಂದು, ಅವನನ್ನು ಸನ್ನಡತೆಯ ಮೇಲೆ ಬಿಟ್ಟರೆ ನಿಮ್ಮ ತಕರಾರೇನಾದರೂ ಇದೆಯೇ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

"ನಮ್ಮಣ್ಣ ವಾಪಸ್ ಬರ್ತಾನಾ ಸಾರ್? ಜೀವಾವಧಿ ಅಂದ್ರೆ ಜೀವ ಇರೋಗಂಟ. ಅಲ್ಲೇ ಸಾಯ್ಲಿ, ಬರ್ಕೊಳಿ," ಎಂದೆ.

ಬರೆದುಕೊಂಡರು. ಆ ಸಲ ಅವನ ಬಿಡುಗಡೆ ಆಗಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಮರುವರ್ಷ ಒಂದು ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಸುದ್ದಿ ಸಿಕ್ಕಿತು. ಅವನು ಜೈಲಿನಲ್ಲಿ ಎದೆನೋವು ಬಂದು ತೀರಿಕೊಂಡನಂತೆ, ಹೆಂಡತಿ ಬೆಂಗಳೂರಿಗೆ ಓಡಿದ್ದಾಳಂತೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ದೇವರ ಗೂಡಿನ ಬಾಗಿಲು ಹಾಕಿ, ಹೋಗಿ ತಲೆಗೆ ನೀರು ಹುಯ್ದುಕೊಂಡು ಬಂದಳು.

"ನೀನೂ ಹುಯ್ಕೋ ಹೋಗು."

"ಅಣ್ಣನ್ನ ಕೊಂದೋನಿಗೂ ಸೂತಕವೇನವ್ವ?"

"ದಾಯಾದಿ ಅಲ್ವೇನ್ಲಾ? ನಿಮ್ಮಣ್ಣ ಸತ್ತಾಗ ಅವನಿಗೂ ಸೂತಕ ಇತ್ತು. ಲಾಕಪ್ನಾಗೆ ಹಿಡಿದ್ನೋ ಬಿಟ್ನೋ, ನಾವಂತೂ ಹಿಡೀಬೇಕು."

ಗೊಣಗುತ್ತಲೇ ನೀರು ಹುಯ್ದುಕೊಂಡೆ. ಮನೆಯಲ್ಲಿ ದೀಪವಿಲ್ಲ, ಸಾರಿಗೆ ಒಗ್ಗರಣೆಯಿಲ್ಲ. ಆ ಸಪ್ಪೆ ಸಾರಿನಲ್ಲಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಚಿಕ್ಕಂದಿನಲ್ಲಿ ಅವನು ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಯಲ್ಲಿ ಈಜು ಕಲಿಸಿದ್ದು ನೆನಪಾಯಿತು. ಥೂ, ಇದೆಲ್ಲ ಈಗ್ಯಾಕೆ ಎಂದು ನನ್ನನ್ನೇ ಬೈದುಕೊಂಡೆ. ಪೇದೆಯ ಮುಂದೆ ಆಡಿದ ಮಾತು ಮಾತ್ರ ದಿನವೆಲ್ಲ ಕಿವಿಯಲ್ಲೇ ಇತ್ತು.

ಮರುದಿನ ಮಧ್ಯಾಹ್ನ ಅವನ ಹೆಂಡತಿ ಬಂದು ನಮ್ಮ ಬಾಗಿಲಲ್ಲಿ ನಿಂತಳು. ಕೊಲೆಯಾದ ಮೇಲೆ ಅದೇ ಮೊದಲು. ಹಣೆಯಲ್ಲಿ ಕುಂಕುಮವಿತ್ತು.

"ಅವರು ಬದುಕವ್ರೆ ಕಣತ್ತೆ. ಆಸ್ಪತ್ರೆಗೆ ಸೇರ್ಸವ್ರೆ ಅಂತ ಫೋನ್ ಬಂದಿದ್ದನ್ನೇ ಊರೋರು ಹೋಗ್ಬಿಟ್ರು ಅಂತ ಮಾಡವ್ರೆ. ನೀವು ಸೂತಕ ಹಿಡಿದಿದ್ದೀರಿ ಅಂದ್ರು, ಅದಕ್ಕೇ ಹೇಳೋಗಣ ಅಂತ ಬಂದೆ."

ತಲೆ ಮೇಲಿನ ಮೂಟೆ ಇಳಿಸಿದಂತಾಯಿತು. ಬಡ್ಡಿಮಗ ಬದುಕಿದ್ದಾನಲ್ಲ ಎಂದು ನಿಜವಾಗಿಯೂ ನೆಮ್ಮದಿಯಾಯಿತು. ಅಣ್ಣನಿಗೆ ಮೋಸ ಮಾಡಿದೆನೇನೋ ಎಂದು ಸ್ವಲ್ಪ ನಾಚಿಕೆಯೂ ಆಯಿತು. ಅವ್ವ ಒಳಕ್ಕೆ ತಿರುಗಿ ನನ್ನ ಹೆಂಡತಿಗೆ, "ಸಾರಿಗೆ ಒಗ್ಗರಣೆ ಹಾಕವ್ವ," ಎಂದಳು. ಬಂದವಳಿಗೂ ತಟ್ಟೆ ಇಡಿಸಿದಳು.

ಪೇದೆ ಮತ್ತೆ ಬರಲಿ ಎಂದು ನಾನು ಕಾಯಲಿಲ್ಲ. ನಾನೇ ಸ್ಟೇಷನ್ನಿಗೆ ಹೋಗಿ ತಕರಾರಿಲ್ಲ ಎಂದು ಬರೆದುಕೊಟ್ಟೆ. ಕ್ಷಮಿಸಿದ್ದೇನೆ ಎಂದು ಬರೆಯಲಿಲ್ಲ, ಅದು ಸುಳ್ಳಾಗುತ್ತಿತ್ತು. ಅವನು ಅಲ್ಲೇ ಸಾಯಬೇಕೆಂದಿದ್ದನ್ನು ಮಾತ್ರ ವಾಪಸ್ ತೆಗೆದುಕೊಂಡೆ.

ಈ ವರ್ಷ ಬಿಟ್ಟರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮ ಜಗಲಿಯ ಕೆಳಗೆ ಬಂದು ತಲೆ ತಗ್ಗಿಸಿ ನಿಂತ. ಅವ್ವ ಎದ್ದು ಜಗಲಿಯ ಅಂಚಿಗೆ ಬಂದಳು.

"ನಿನ್ನ ಸೂತಕ ನಾನು ಹಿಡಿದಾಯ್ತು ಕಣ್ಲಾ. ನಾನು ಸತ್ರೆ ನನ್ನದನ್ನ ಹಿಡಿಯಕ್ಕೆ ಇಬ್ಬರು ಮಕ್ಕಳಿದ್ರು, ಒಬ್ಬನ್ನ ನೀನೇ ಕಳೆದೆ. ಆ ಜಾಗಕ್ಕೆ ನೀನು ಇರು."